ಓದಿದ ಕ್ರಮ ಬೇರೆ, ಬರೆಯುವ ಕ್ರಮ ಬೇರೆ

ಎಂ.ಎ. ಕಿರುಪ್ರಬಂಧವಿರಲಿ, ಪಿಎಚ್.ಡಿ. ಮಹಾಪ್ರಬಂಧವಿರಲಿ, ತಿಂಗಳುಗಟ್ಟಲೆ ಓದಿ ಟಿಪ್ಪಣಿ ಮಾಡಿಕೊಂಡ ವಿದ್ಯಾರ್ಥಿಗಳು ಬರೆಯಲು ಕೂತಾಗ ಎಡವುವುದು ಹೆಚ್ಚಾಗಿ ಪ್ಯಾರಾದ ಒಳಗೆ. ಅಧ್ಯಾಯಗಳ ವಿಂಗಡಣೆಯನ್ನು ಮಾರ್ಗದರ್ಶಕರ ಜೊತೆ ಕೂತು ಮಾಡಿಕೊಂಡಿರುತ್ತಾರೆ. ಕಾಗುಣಿತ, ವಾಕ್ಯದೋಷ ತಿದ್ದಿಕೊಡುವ ಸ್ನೇಹಿತರೂ ಸಿಗುತ್ತಾರೆ. ಪ್ಯಾರಾ ಕಟ್ಟುವುದನ್ನು ಹೇಳಿಕೊಡುವವರು ಮಾತ್ರ ಕಡಿಮೆ. ಹಾಗಾಗಿ ನೋಟ್‌ಬುಕ್ಕಿನಲ್ಲಿ ಯಾವುದು ಮೊದಲು ಇತ್ತೋ ಅದೇ ಪ್ರಬಂಧದಲ್ಲೂ ಮೊದಲು ಬಂದು ಕೂರುತ್ತದೆ.

ಕನ್ನಡ ಪತ್ರಿಕೋದ್ಯಮದ ಆರಂಭದ ಬಗ್ಗೆ ಬರೆಯುತ್ತಿದ್ದೀರಿ ಎಂದಿಟ್ಟುಕೊಳ್ಳಿ. ಮೊದಲ ಕರಡು ಸಾಮಾನ್ಯವಾಗಿ ಹೀಗಿರುತ್ತದೆ:

“ಮಂಗಳೂರ ಸಮಾಚಾರ ಕನ್ನಡದ ಮೊದಲ ಪತ್ರಿಕೆಯಾಗಿದೆ. ಇದರ ಸಂಪಾದಕ ಹರ್ಮನ್ ಮೋಗ್ಲಿಂಗ್ ಜರ್ಮನಿಯವರು. ಇದು 1843ರ ಜುಲೈ 1ರಂದು ಪ್ರಕಟವಾಯಿತು. ಅಲ್ಲದೆ ಬಾಸೆಲ್ ಮಿಷನ್ ಹಂಚಿನ ಕಾರ್ಖಾನೆಯನ್ನೂ ನಡೆಸುತ್ತಿತ್ತು. ಜೊತೆಗೆ ಕಿಟೆಲ್ ಅವರ ನಿಘಂಟು 1894ರಲ್ಲಿ ಹೊರಬಂದಿತು. ಪತ್ರಿಕೆಯು ಕಲ್ಲಚ್ಚಿನಲ್ಲಿ ಮುದ್ರಣವಾಗುತ್ತಿತ್ತು. ಇದು ನಂತರ ಬಳ್ಳಾರಿಗೆ ಹೋಯಿತು. ಜುಲೈ 1ನ್ನು ಪತ್ರಿಕಾ ದಿನವನ್ನಾಗಿ ಆಚರಿಸಲಾಗುತ್ತದೆ.”

ಇದರಲ್ಲಿ ಮಾಹಿತಿಯ ತಪ್ಪು ಒಂದೂ ಇಲ್ಲ. ಆದರೆ ಓದಿ ಮುಗಿಸಿದವರನ್ನು “ಏನು ಹೇಳಿದ್ದಾರೆ?” ಎಂದು ಕೇಳಿದರೆ ಉತ್ತರ ಹೊಳೆಯುವುದಿಲ್ಲ. ಎಂಟು ವಾಕ್ಯಗಳನ್ನು ಹಿಂದುಮುಂದು ಮಾಡಿದರೂ ಏನೂ ಕೆಡುವುದಿಲ್ಲ. ವಾಕ್ಯಗಳಿಗೆ ಒಂದಕ್ಕೊಂದು ನಂಟಿಲ್ಲ ಎನ್ನುವುದಕ್ಕೆ ಇದೇ ಗುರುತು.

ಈಗ ತಿದ್ದೋಣ. ಮೊದಲು ಟಿಪ್ಪಣಿಗಳನ್ನು ಮುಚ್ಚಿಡಿ. ಈ ಪ್ಯಾರಾದಲ್ಲಿ ನಾನು ಒಪ್ಪಿಸಬೇಕಾದ ಮಾತು ಯಾವುದು ಎಂದು ಕೇಳಿಕೊಂಡು, ಉತ್ತರವನ್ನು ಒಂದೇ ಸಾಲಿನಲ್ಲಿ ಬರೆಯಿರಿ. ಒಪ್ಪಿಸಬೇಕಾದ ಮಾತು ಎಂದದ್ದಕ್ಕೆ ಕಾರಣವಿದೆ. “1843ರಲ್ಲಿ ಪ್ರಕಟವಾಯಿತು” ಎನ್ನುವುದು ಬರೀ ಮಾಹಿತಿ. ಅದರ ಮೇಲೆ ಯಾರೂ ವಾದಕ್ಕೆ ಬರುವುದಿಲ್ಲ. “ಪತ್ರಿಕೆಯ ಹುಟ್ಟಿಗೂ ಸ್ಥಳಾಂತರಕ್ಕೂ ಮುದ್ರಣದ ಅನುಕೂಲ ಮುಖ್ಯವಾಗಿತ್ತು” ಎಂದರೆ “ಹೌದೇ? ಹೇಗೆ?” ಎಂದು ಓದುಗ ಕೇಳುತ್ತಾನೆ. ಆ “ಹೇಗೆ?”ಗೆ ಉತ್ತರ ಕೊಡುವ ವಾಕ್ಯಗಳಿಗೆ ಮಾತ್ರ ಪ್ಯಾರಾದಲ್ಲಿ ಜಾಗ.

ಆಮೇಲೆ ಟಿಪ್ಪಣಿ ತೆರೆದು ಒಂದೊಂದನ್ನೇ ಆ ಸಾಲಿನ ಪಕ್ಕಕ್ಕೆ ಹಿಡಿದು ನೋಡಿ. ಕಲ್ಲಚ್ಚು ಬೇಕು, ಬಳ್ಳಾರಿ ಬೇಕು. ಹಂಚಿನ ಕಾರ್ಖಾನೆ ಬೇಡ, ಪತ್ರಿಕಾ ದಿನವೂ ಬೇಡ. ಕಿಟೆಲ್ ನಿಘಂಟಿಗೆ ಇನ್ನೊಂದು ಅಧ್ಯಾಯದಲ್ಲಿ ಜಾಗ ಸಿಗಬಹುದು. ನಿಜವಾಗಿ ಕಷ್ಟದ ಕೆಲಸ ಇದೇ. ಗ್ರಂಥಾಲಯದಲ್ಲಿ ದೂಳು ಕುಡಿದು ಹುಡುಕಿದ್ದನ್ನು ಬಿಡಲು ಯಾರಿಗೂ ಮನಸ್ಸು ಬರುವುದಿಲ್ಲ. ಅಳಿಸಬೇಡಿ, “ಉಳಿದದ್ದು” ಎಂದು ಬೇರೆ ಫೈಲ್ ಮಾಡಿ ಅಲ್ಲಿಗೆ ಸೇರಿಸಿ. ಎಲ್ಲಿಗೂ ಹೋಗುವುದಿಲ್ಲ ಎಂಬ ಧೈರ್ಯವಿದ್ದರೆ ಕೈ ಸಲೀಸಾಗಿ ಓಡುತ್ತದೆ.

ತಿದ್ದಿದ ಪ್ಯಾರಾ ಹೀಗಾಗುತ್ತದೆ:

“ಕನ್ನಡದ ಮೊದಲ ಪತ್ರಿಕೆಯ ಹುಟ್ಟಿಗೂ ಸ್ಥಳಾಂತರಕ್ಕೂ ಮುದ್ರಣದ ಅನುಕೂಲ ಮುಖ್ಯವಾಗಿತ್ತು. ಬಾಸೆಲ್ ಮಿಷನ್ 1841ರಲ್ಲಿ ಮಂಗಳೂರಿನಲ್ಲಿ ಕಲ್ಲಚ್ಚಿನ ಮುದ್ರಣಾಲಯ ತೆರೆಯಿತು. ಈ ಮುದ್ರಣಾಲಯ ಕೈಯಲ್ಲಿದ್ದುದರಿಂದ ಎರಡೇ ವರ್ಷದಲ್ಲಿ, 1843ರ ಜುಲೈ 1ರಂದು, ಹರ್ಮನ್ ಮೋಗ್ಲಿಂಗ್ ಅವರಿಗೆ ಮಂಗಳೂರ ಸಮಾಚಾರವನ್ನು ಹೊರತರಲು ಸಾಧ್ಯವಾಯಿತು. ಆದರೆ ಕಲ್ಲಚ್ಚಿಗೆ ಮಿತಿಗಳಿದ್ದವು: ಇಡೀ ಪುಟವನ್ನು ಕೈಯಲ್ಲೇ ಬರೆದು ಕಲ್ಲಿಗೆ ಇಳಿಸಬೇಕಿತ್ತು. ಮರುವರ್ಷವೇ ಪತ್ರಿಕೆ ಮೊಳೆ ಅಚ್ಚಿನ ಸೌಕರ್ಯವಿದ್ದ ಬಳ್ಳಾರಿಗೆ ಹೋಗಿ ಕನ್ನಡ ಸಮಾಚಾರ ಎಂಬ ಹೆಸರು ಪಡೆದದ್ದನ್ನು ಈ ಹಿನ್ನೆಲೆಯಲ್ಲಿ ನೋಡಬೇಕು.”

ಮೊದಲ ವಾಕ್ಯ ಮಾತು ಕೊಡುತ್ತದೆ, ಉಳಿದವು ಅದನ್ನು ನಡೆಸಿಕೊಡುತ್ತವೆ. “ಮುದ್ರಣಾಲಯ ತೆರೆಯಿತು” ಎಂದು ಒಂದು ವಾಕ್ಯ ಮುಗಿದರೆ ಮುಂದಿನದು “ಈ ಮುದ್ರಣಾಲಯ” ಎಂದೇ ಶುರುವಾಗುತ್ತದೆ. ಓದುಗನಿಗೆ ಆಗಲೇ ಗೊತ್ತಾದ ಸಂಗತಿಯಿಂದ ಹೊರಟು ಹೊಸದಕ್ಕೆ ಹೋಗುವ ದಾರಿ ಇದು. ಮೊದಲ ಕರಡಿನಲ್ಲಿ ಇದ್ದ “ಇದು”ಗಳನ್ನು ಗಮನಿಸಿ. ಪತ್ರಿಕೆಗೆ “ಇದು”, ಅಲ್ಲಿಂದ ಮಿಷನ್, ಕಿಟೆಲ್ ಸುತ್ತಿ ಬಂದ ಮೇಲೂ “ಇದು”. ನಡುವೆ ಬೇರೆ ಹೆಸರು ಬಂದಿದ್ದರೆ “ಇದು” ಬಿಟ್ಟು ಆ ವಸ್ತುವಿನ ಹೆಸರನ್ನೇ ಬರೆಯಿರಿ. ಹಾಗೆಯೇ ಒಂದೇ ಪ್ಯಾರಾದಲ್ಲಿ “ಅಲ್ಲದೆ”, “ಜೊತೆಗೆ”, “ಮೇಲಾಗಿ” ಎರಡು ಸಲಕ್ಕಿಂತ ಹೆಚ್ಚು ಬಂದರೆ ನೀವು ಮಾಹಿತಿಯನ್ನು ರಾಶಿ ಹಾಕುತ್ತಿದ್ದೀರಿ ಎಂದೇ ತಿಳಿಯಿರಿ. “ಆದ್ದರಿಂದ”, “ಆದರೆ”, “ಹಾಗಿದ್ದರೂ” ಬಂದರೆ ಯೋಚನೆ ನಡೆದಿದೆ. ಆದರೆ ಕಾರಣವೇ ಇಲ್ಲದ ಕಡೆ “ಆದ್ದರಿಂದ” ತಂದು ಅಂಟಿಸಿದರೆ ವೈವಾದಲ್ಲಿ ಪರೀಕ್ಷಕರು ಅದನ್ನೇ ಹಿಡಿಯುತ್ತಾರೆ.

ಉದ್ಧರಣೆಗಳ ಬಗ್ಗೆಯೂ ಒಂದು ಮಾತು ಹೇಳಲೇಬೇಕು. ವಿದ್ವಾಂಸರೊಬ್ಬರ ಆರು ಸಾಲು ಎತ್ತಿಕೊಟ್ಟು ಪ್ಯಾರಾ ಮುಗಿಸುವ ಅಭ್ಯಾಸ ನಮ್ಮ ಕನ್ನಡ ಪ್ರಬಂಧಗಳಲ್ಲಿ ಬಹಳ. ಅದರಿಂದ ಏನು ತಿಳಿಯುತ್ತದೆ, ಎಲ್ಲಿ ನಿಮ್ಮ ಒಪ್ಪಿಗೆ, ಎಲ್ಲಿ ಇಲ್ಲ ಎಂದು ಒಂದೆರಡು ವಾಕ್ಯ ಬರೆಯದಿದ್ದರೆ ಆ ಪ್ಯಾರಾ ನಿಮ್ಮದಾಗುವುದಿಲ್ಲ. ದೊಡ್ಡ ಹೆಸರಿನ ಮುಂದೆ ಸಂಕೋಚ ಬೇಡ. ನಿಮ್ಮ ಪ್ರಬಂಧದಲ್ಲಿ ನಿಮ್ಮ ಮಾತಿಗಾಗಿಯೇ ಓದುಗರು ಕಾದಿರುತ್ತಾರೆ.

ಅಧ್ಯಾಯ ಮುಗಿದ ಮೇಲೆ ಪ್ರತಿ ಪ್ಯಾರಾದ ಮೊದಲ ವಾಕ್ಯವನ್ನಷ್ಟೇ ಒಂದು ಹಾಳೆಗೆ ಇಳಿಸಿ ಓದಿ. ಅಧ್ಯಾಯದ ಸಾರ ಅಲ್ಲಿ ಕಾಣಬೇಕು. ಎಲ್ಲಿ ಕೊಂಡಿ ಕಳಚಿದೆಯೋ ಆ ಪ್ಯಾರಾವನ್ನು ಪ್ರಿಂಟ್ ತೆಗೆದು, ಕತ್ತರಿಯಿಂದ ವಾಕ್ಯವಾಕ್ಯವಾಗಿ ಬಿಡಿಸಿ. ಚೀಟಿಗಳನ್ನು ಕಲಸಿ, ವಿಷಯ ಗೊತ್ತಿಲ್ಲದ ಸ್ನೇಹಿತರ ಕೈಗೆ ಕೊಟ್ಟು ಜೋಡಿಸಲು ಹೇಳಿ. ಅವರ ಕೈ ಯಾವ ಚೀಟಿಯ ಮೇಲೆ ತಡೆದು ನಿಲ್ಲುತ್ತದೆ ಎಂದು ಸುಮ್ಮನೆ ನೋಡುತ್ತಿರಿ. ತಿದ್ದುವ ಕೆಲಸ ಆ ಚೀಟಿಯಿಂದ ಶುರುವಾಗಲಿ.