ಬಾಣಂತಿಯ ಜ್ವರ ಮತ್ತು ಏದುಸಿರು: ದಂಪತಿಗಳು ಅರಿತಿರತಕ್ಕ ವಿಷಯ

ಹೆರಿಗೆಯೆಂದರೆ ಹೆಣ್ಣಿಗೆ ಮರುಹುಟ್ಟು ಎಂಬ ಮಾತು ನಮ್ಮ ಹಳ್ಳಿಗಳಲ್ಲಿ ಹಿಂದಿನಿಂದಲೂ ರೂಢಿಯಲ್ಲಿದೆ. ಮಗು ಹುಟ್ಟಿ, ಮಾಸು ಬಿದ್ದು, ತಾಯಿ ಕಣ್ತೆರೆದು ಮಾತನಾಡಿದಳೆಂದರೆ ಗಂಡಾಂತರ ಕಳೆಯಿತೆಂದು ಮನೆಯವರೆಲ್ಲರೂ ಸಮಾಧಾನ ಹೊಂದುತ್ತಾರೆ. ಆದರೆ ವೈದ್ಯಶಾಸ್ತ್ರದ ದೃಷ್ಟಿಯಲ್ಲಿ ಆ ಗಂಡಾಂತರ ಕಳೆಯುವುದು ಹೆರಿಗೆಯಾಗಿ 42 ದಿನಗಳು ತುಂಬಿದ ಬಳಿಕವೇ. ಈ ಅವಧಿಯಲ್ಲಿಯೂ ಅದಕ್ಕೆ ಮೊದಲಿನ ಗರ್ಭಾವಧಿಯಲ್ಲಿಯೂ ಸ್ತ್ರೀಯ ರಕ್ತಕ್ಕೆ ನಂಜೇರುವ ಸಂಭವವುಂಟು. ನಂಜೇರಿತೆಂದರೆ ಕೆಲವೇ ಗಂಟೆಗಳಲ್ಲಿ ರಕ್ತಚಲನೆಯೂ ಉಸಿರಾಟವೂ ಕುಸಿಯಬಹುದು. ಆ ಗಂಟೆಗಳನ್ನು ಕಳೆದುಕೊಳ್ಳದಿರುವುದು ಹೇಗೆ ಎಂಬುದೇ ಈ ಪಾಠದ ವಿಷಯ.

ಕೆಲವು ವರ್ಷಗಳ ಹಿಂದೆ, ಕಬ್ಬು ಕಟಾವಿನ ಕಾಲದಲ್ಲಿ, ಬಾಡಗಂಡಿಯ ಸೀಮೆಯ ಒಂದು ಹಳ್ಳಿಯಿಂದ ಎಳೆಯ ಬಾಣಂತಿಯೊಬ್ಬಳನ್ನು ನನ್ನ ಬಳಿಗೆ ಕರೆತಂದಿದ್ದರು. ತವರಿನಲ್ಲಿ ಚೊಚ್ಚಲ ಹೆರಿಗೆಯಾಗಿ ಅಂದಿಗೆ ಆರನೆಯ ದಿನ. ಮೈಯಲ್ಲಿ ಜ್ವರವಿತ್ತು. ಎದೆಯಲ್ಲಿ ಹಾಲು ಕಟ್ಟಿದ್ದರಿಂದ ಹೀಗಾಗಿದೆ ಎಂದು ಅವಳ ತಾಯಿ ಹೇಳಿದಳು. ಹೊರಗೆ ರೋಗಿಗಳ ಸಾಲು ದೊಡ್ಡದಾಗಿತ್ತು. ನಾನು ಆ ತಾಯಿಯ ಮಾತನ್ನೇ ನಂಬಿ, ಜ್ವರದ ಮಾತ್ರೆಗಳನ್ನು ಕೊಟ್ಟು, ಎರಡು ದಿನ ಬಿಟ್ಟು ಬರಹೇಳಿದೆನು. ಅವಳ ಉಸಿರನ್ನು ನಾನು ಎಣಿಸಲಿಲ್ಲ.

ಆ ರಾತ್ರಿ ಅವಳು ಅಸಂಬದ್ಧವಾಗಿ ಮಾತನಾಡತೊಡಗಿದಳು. ಹಿರಿಯರು ಅದನ್ನು ಬಾಣಂತಿ ಸನ್ನಿ ಎಂದರು. ಆಸ್ಪತ್ರೆಗೆ ಸೇರಿಸಲು ಗಂಡನ ಒಪ್ಪಿಗೆ ಬೇಕೆಂದು ಹೇಳಿ ಕಳುಹಿಸಿದರು. ಅವನು ಕಬ್ಬಿನ ಗಾಡಿಯೊಡನೆ ಕಾರ್ಖಾನೆಯ ಅಂಗಳದಲ್ಲಿ ಸರದಿ ಕಾಯುತ್ತಿದ್ದನು. ಊರು ಮುಟ್ಟಿದುದು ಮರುದಿನ ಮಧ್ಯಾಹ್ನ. ಅವಳನ್ನು ಮತ್ತೆ ನನ್ನ ಮುಂದೆ ತಂದು ಮಲಗಿಸಿದಾಗ ಉಸಿರು ನಿಮಿಷಕ್ಕೆ 38, ಕೈಕಾಲು ತಣ್ಣಗೆ, ರಕ್ತದೊತ್ತಡ ತೀರ ಕೆಳಗೆ, ಗರ್ಭಸ್ರಾವವು ದುರ್ವಾಸನೆಯಿಂದ ಕೂಡಿತ್ತು. ಮಾಸಿನ ಚಿಕ್ಕ ತುಣುಕೊಂದು ಗರ್ಭಕೋಶದಲ್ಲಿ ಉಳಿದು ಕೊಳೆತಿದ್ದಿತೆಂಬುದು ಬಾಗಲಕೋಟೆಗೆ ಕಳುಹಿಸಿದ ನಂತರ ತಿಳಿದುಬಂದಿತು. ಒಂಬತ್ತು ದಿನ ಅವಳು ಕೃತಕ ಉಸಿರಾಟದ ಯಂತ್ರದ ಆಸರೆಯಲ್ಲಿದ್ದು ಬದುಕಿದಳು. ಹಾಲು ಕಟ್ಟಿ ಜ್ವರ ಬರುವುದು ಸುಳ್ಳಲ್ಲ. ಆದರೆ ಹಾಲು ಕಟ್ಟಿದ ಜ್ವರದಲ್ಲಿ ಬುದ್ಧಿ ಕದಡುವುದಿಲ್ಲ, ಏದುಸಿರು ಬರುವುದಿಲ್ಲ.

ಇಂತಹ ಸ್ಥಿತಿ ಹೇಗೆ ಉಂಟಾಗುತ್ತದೆಂಬುದನ್ನು ಸ್ವಲ್ಪ ವಿವರವಾಗಿ ತಿಳಿಯುವುದು ಉಚಿತ. ಗರ್ಭಿಣಿಯ ದೇಹದಲ್ಲಿ ರಕ್ತದ ಪ್ರಮಾಣವು ಸುಮಾರು ಅರ್ಧದಷ್ಟು ಹೆಚ್ಚುತ್ತದೆ. ಹೃದಯವು ಹೆಚ್ಚು ವೇಗವಾಗಿ ದುಡಿಯುತ್ತದೆ. ಬೆಳೆಯುತ್ತಿರುವ ಗರ್ಭವು ವಪೆಯನ್ನು, ಅಂದರೆ ಎದೆ ಹಾಗೂ ಹೊಟ್ಟೆಯ ನಡುವಿನ ಮಾಂಸದ ಪರದೆಯನ್ನು, ಸುಮಾರು 4 ಸೆಂಟಿಮೀಟರ್ ಮೇಲಕ್ಕೆ ಒತ್ತುವುದರಿಂದ ಶ್ವಾಸಕೋಶದಲ್ಲಿ ಉಳಿತಾಯವಾಗಿ ನಿಲ್ಲುವ ಗಾಳಿ ಕಡಿಮೆಯಾಗುತ್ತದೆ. ಅತ್ತ ತಾಯಿ ಮಗು ಇಬ್ಬರಿಗೂ ಬೇಕಾದ ಆಮ್ಲಜನಕದ ಖರ್ಚು ಹೆಚ್ಚುತ್ತದೆ. ಉಳಿತಾಯ ಕಡಿಮೆಯಾಗಿ ಖರ್ಚು ಹೆಚ್ಚಿದ ಸಂಸಾರ ಹೇಗೋ ಹಾಗೆ, ಒಂದು ಪೆಟ್ಟು ಬಿದ್ದರೆ ಸಾಕು, ಅವಳ ಆಮ್ಲಜನಕವು ಇತರರಿಗಿಂತ ಬೇಗ ಬರಿದಾಗುತ್ತದೆ. 2009ರ ಎಚ್1ಎನ್1 ಜ್ವರದಲ್ಲಿಯೂ 2021ರ ಕೋವಿಡ್ ಎರಡನೆಯ ಅಲೆಯಲ್ಲಿಯೂ ಗರ್ಭಿಣಿಯರು ಹೆಚ್ಚು ತೊಂದರೆಗೀಡಾದುದಕ್ಕೆ ಇದು ಒಂದು ಕಾರಣ.

ರೋಗಾಣುಗಳು ಗರ್ಭಕೋಶದಿಂದಲೋ ಮೂತ್ರಕೋಶದಿಂದಲೋ ಹೊಲಿಗೆಯ ಗಾಯದಿಂದಲೋ ಶ್ವಾಸಕೋಶದಿಂದಲೋ ರಕ್ತವನ್ನು ಸೇರಿದಾಗ ದೇಹವು ಅವುಗಳೊಡನೆ ಹೋರಾಡುತ್ತ ತನ್ನನ್ನೇ ಗಾಯಗೊಳಿಸಿಕೊಳ್ಳುತ್ತದೆ. ರಕ್ತನಾಳಗಳು ಸಡಿಲಗೊಂಡು ಸೋರತೊಡಗುತ್ತವೆ. ನಾಳ ಸಡಿಲವಾದರೆ ರಕ್ತದೊತ್ತಡ ಬೀಳುತ್ತದೆ. ಶ್ವಾಸಕೋಶದ ನಾಳ ಸೋರಿದರೆ ಗಾಳಿಯಿರಬೇಕಾದಲ್ಲಿ ನೀರು ತುಂಬುತ್ತದೆ. ಕಾಲುವೆಯ ದಂಡೆ ಒಡೆದಾಗ ಕೆಳಗಿನ ಹೊಲಕ್ಕೆ ನೀರು ತಲಪದೆ ದಂಡೆಯ ಪಕ್ಕದ ಹೊಲ ಜವಳಾಗುವುದನ್ನು ನಮ್ಮ ರೈತರು ಕಂಡಿದ್ದಾರೆ. ಇದೂ ಹಾಗೆಯೇ. ಒಂದು ಮುಖ್ಯ ಸಂಗತಿಯೆಂದರೆ, ಗರ್ಭಿಣಿಯಲ್ಲಿ ಹಾಗೂ ಹಸಿ ಬಾಣಂತಿಯಲ್ಲಿ ರಕ್ತದ ಪ್ರಮಾಣ ಹೆಚ್ಚಿರುವುದರಿಂದ ರಕ್ತದೊತ್ತಡವು ಬಹಳ ಹೊತ್ತು ಸರಿಯಾಗಿಯೇ ಕಾಣುತ್ತಿದ್ದು ಒಮ್ಮೆಲೇ ಕುಸಿಯುತ್ತದೆ. ಆದುದರಿಂದ ಒತ್ತಡ ಬಿದ್ದುದನ್ನು ಕಂಡು ಹೊರಡುವೆವೆಂದರೆ ತಡವಾದಂತೆಯೇ. ಅದಕ್ಕೂ ಮೊದಲು ಎಚ್ಚರಿಕೆ ಕೊಡುವುದು ಉಸಿರು.

ಉಸಿರನ್ನು ಎಣಿಸುವುದಕ್ಕೆ ವೈದ್ಯನೇ ಬೇಕಿಲ್ಲ. ಬಾಣಂತಿ ಸುಮ್ಮನೆ ಮಲಗಿರುವಾಗ, ಅವಳಿಗೆ ಹೇಳದೆ, ಹೊಟ್ಟೆಯ ಮೇಲಿನ ಸೆರಗು ಏಳುವುದನ್ನು ಗಡಿಯಾರ ನೋಡುತ್ತ ಒಂದು ಪೂರ್ಣ ನಿಮಿಷ ಎಣಿಸತಕ್ಕದ್ದು. ಹೇಳಿ ಎಣಿಸಿದರೆ ಉಸಿರು ತಾನಾಗಿ ಬದಲಾಗುತ್ತದೆ. ಆರೋಗ್ಯವಂತರಲ್ಲಿ ಇದು 12ರಿಂದ 20. ದಿನ ತುಂಬಿದ ಗರ್ಭಿಣಿಗೆ ಮೆಟ್ಟಿಲೇರಿದಾಗ ಮೇಲುಸಿರು ಬರುವುದು ಸಹಜವೇ. ಆದರೆ ಮಲಗಿರುವಾಗ ಎಣಿಕೆ ಹೆಚ್ಚಲಾರದು. 25 ಅಥವಾ ಅದಕ್ಕೂ ಹೆಚ್ಚಿದ್ದರೆ ಜ್ವರವಿರಲಿ ಇಲ್ಲದಿರಲಿ ಆ ಕ್ಷಣವೇ ಆಸ್ಪತ್ರೆಗೆ ಹೊರಡಬೇಕು. ಜ್ವರವಿಲ್ಲದೆಯೂ ನಂಜೇರುವುದುಂಟು, ಮೈ ತಣ್ಣಗಾಗುವುದೂ ಉಂಟು ಎಂಬುದನ್ನು ಹಿರಿಯರಿಗೆ ವಿಶೇಷವಾಗಿ ತಿಳಿಸಬೇಕಾಗಿದೆ. 100.4 ಡಿಗ್ರಿ ಫ್ಯಾರನ್‌ಹೀಟ್ ಮೀರಿದ ಜ್ವರ, ನಡುಕ, ದುರ್ವಾಸನೆಯ ಸ್ರಾವ, ಕೆಳಹೊಟ್ಟೆಯ ನೋವು, ಮೂತ್ರ ಕಡಿಮೆಯಾಗುವುದು, ಮಂಕು ಅಥವಾ ಬಡಬಡಿಕೆ, ಇವುಗಳಲ್ಲಿ ಯಾವೊಂದು ಕಂಡರೂ ಅಂದೇ ವೈದ್ಯರಿಗೆ ತೋರಿಸತಕ್ಕದ್ದು.

108ಕ್ಕೆ ಕರೆ ಮಾಡಿ ವಾಹನ ಬರುವವರೆಗೆ ಗರ್ಭಿಣಿಯನ್ನು ಎಡಮಗ್ಗುಲಿಗೆ ಮಲಗಿಸಬೇಕು. ಅಂಗಾತ ಮಲಗಿದರೆ ತುಂಬಿದ ಗರ್ಭವು ಬೆನ್ನುಮೂಳೆಯ ಮುಂದಿನ ದೊಡ್ಡ ರಕ್ತನಾಳಗಳನ್ನು ಅದುಮಿ ಹೃದಯಕ್ಕೆ ಮರಳುವ ರಕ್ತವನ್ನು ತಡೆಯುತ್ತದೆ. ಮಲಗಲಾಗದೆ ಏದುತ್ತಿದ್ದರೆ ಒರಗಿಸಿ ಕೂರಿಸಬಹುದು. ತಾಯಿ ಕಾರ್ಡನ್ನು ಜೊತೆಗೆ ಒಯ್ಯಿರಿ. ನಂಜಿನ ಸಂಶಯ ಬಂದ ಒಂದು ಗಂಟೆಯೊಳಗೆ ರೋಗಾಣುನಾಶಕ ಔಷಧವನ್ನು ರಕ್ತನಾಳದ ಮೂಲಕ ಕೊಡಬೇಕೆಂಬುದು ಇಂದಿನ ನಿಯಮ. ಸಲೈನ್, ರಕ್ತದೊತ್ತಡವನ್ನು ಎತ್ತಿಹಿಡಿಯುವ ಔಷಧ, ಆಮ್ಲಜನಕ, ಕೊಳೆತ ಭಾಗವಿದ್ದರೆ ಅದನ್ನು ತೆಗೆಯುವುದು, ಇಷ್ಟೂ ಕೂಡಿಯೇ ಚಿಕಿತ್ಸೆ. ಸಲೈನ್ ಹೆಚ್ಚು ಏರಿಸಿದಷ್ಟೂ ಒಳ್ಳೆಯದೆಂಬುದು ಜನರ ನಂಬಿಕೆ, ಅದು ತಪ್ಪು. ಸೋರುವ ಶ್ವಾಸಕೋಶಕ್ಕೆ ಹೆಚ್ಚಿನ ನೀರು ಅಪಾಯವೇ. ಗರ್ಭಿಣಿಯ ರಕ್ತದಲ್ಲಿ ಆಮ್ಲಜನಕವು ಶೇಕಡಾ 95ಕ್ಕಿಂತ ಇಳಿಯದಂತೆ ನೋಡಿಕೊಳ್ಳುತ್ತಾರೆ, ಏಕೆಂದರೆ ಮಗುವಿನ ಉಸಿರು ತಾಯಿಯ ರಕ್ತದಲ್ಲಿದೆ. ಕೃತಕ ಉಸಿರಾಟದ ಯಂತ್ರವೆಂದರೆ ಆಸೆ ಬಿಟ್ಟಂತೆ ಎಂದು ಗಾಬರಿಗೊಂಡು ರೋಗಿಯನ್ನು ಮನೆಗೆ ಕರೆದೊಯ್ದವರನ್ನು ನಾನು ಕಂಡಿದ್ದೇನೆ. ಅದು ದಣಿದ ಶ್ವಾಸಕೋಶಕ್ಕೆ ಕೊಡುವ ವಿಶ್ರಾಂತಿ. ಎಳೆಯ ತಾಯಂದಿರು ಅದರಿಂದ ಚೇತರಿಸಿಕೊಳ್ಳುವುದುಂಟು.

ತೀವ್ರ ನಿಗಾ ಚಿಕಿತ್ಸೆಯ ಸಂಶೋಧನೆಗಳಲ್ಲಿ ಗರ್ಭಿಣಿಯರನ್ನು ಸೇರಿಸಿಕೊಳ್ಳದೆ ಹೊರಗಿಡುವುದು ಬಹುಕಾಲದ ಪದ್ಧತಿ. ಮಗುವಿಗೆ ಹಾನಿಯಾದೀತೆಂಬ ಭಯ ಅದಕ್ಕೆ ಕಾರಣ. ಭಯ ನ್ಯಾಯವಾದುದೇ, ಆದರೆ ಅದರ ಫಲವಾಗಿ ಗರ್ಭಿಣಿಗೆ ಯಾವುದು ಹಿತವೆಂಬ ತಿಳಿವು ಹಿಂದುಳಿಯಿತು. ಕೋವಿಡ್ ಲಸಿಕೆಯು ನಮ್ಮ ದೇಶದಲ್ಲಿ 2021ರ ಜನವರಿಯಲ್ಲಿ ಆರಂಭವಾದರೂ ಗರ್ಭಿಣಿಯರಿಗೆ ಅನುಮತಿ ದೊರೆತುದು ಅದೇ ವರ್ಷದ ಜುಲೈಯಲ್ಲಿ, ಎರಡನೆಯ ಅಲೆ ಇಳಿದ ಮೇಲೆ.

ಈ ಕೊರತೆಯನ್ನು ತುಂಬುವ ಕೆಲಸದಲ್ಲಿ ನಮ್ಮ ನೆರೆಯ ಬೆಳಗಾವಿಗೂ ಪಾಲಿದೆ. ಅಲ್ಲಿಯ ಜವಾಹರಲಾಲ್ ನೆಹರು ವೈದ್ಯಕೀಯ ಮಹಾವಿದ್ಯಾಲಯವು ಭಾಗವಹಿಸಿದ್ದ, ಏಳು ದೇಶಗಳ ಒಂದು ಪರೀಕ್ಷೆಯ ಫಲಿತಾಂಶವು 2023ರಲ್ಲಿ ಪ್ರಕಟವಾಯಿತು. ಸಹಜ ಹೆರಿಗೆಗೆ ಬಂದ 29,278 ಸ್ತ್ರೀಯರಲ್ಲಿ ಅರ್ಧದಷ್ಟು ಮಂದಿಗೆ ಹೆರಿಗೆ ನೋವಿನ ಸಮಯದಲ್ಲಿ ಅಜಿತ್ರೋಮೈಸಿನ್ ಎಂಬ ಔಷಧವನ್ನು ಒಂದೇ ಸಲ 2 ಗ್ರಾಂ ನುಂಗಿಸಲಾಯಿತು. ಉಳಿದವರಿಗೆ ಔಷಧವಿಲ್ಲದ ಮಾತ್ರೆ. ನಂಜು ಅಥವಾ ಮರಣಕ್ಕೆ ಒಳಗಾದ ತಾಯಂದಿರು ಔಷಧ ಪಡೆಯದವರಲ್ಲಿ 1000ಕ್ಕೆ 24, ಪಡೆದವರಲ್ಲಿ 16. ಶಿಶುಮರಣದಲ್ಲಿ ಮಾತ್ರ ವ್ಯತ್ಯಾಸ ಕಾಣಲಿಲ್ಲ. ಇದನ್ನು ಓದಿ ಯಾರೂ ಅಂಗಡಿಯಿಂದ ಆ ಮಾತ್ರೆಯನ್ನು ತಂದು ಮನೆಯಲ್ಲಿ ನುಂಗಿಸಬಾರದು. ಅದು ಹೆರಿಗೆಯ ಕೊಠಡಿಯಲ್ಲಿ ವೈದ್ಯರು ನಿರ್ಧರಿಸತಕ್ಕ ವಿಷಯ. ಮನಬಂದಂತೆ ಬಳಸಿದರೆ ರೋಗಾಣುಗಳು ಔಷಧಕ್ಕೆ ಜಗ್ಗದಂತಾಗುತ್ತವೆ.

ಔಷಧಕ್ಕಿಂತ ಹಳೆಯ ಉಪಾಯವೊಂದಿದೆ. ವಿಯೆನ್ನಾ ನಗರದ ಆಸ್ಪತ್ರೆಯಲ್ಲಿ ಶವಪರೀಕ್ಷೆ ಮುಗಿಸಿ ನೇರವಾಗಿ ಹೆರಿಗೆಗೆ ಬರುತ್ತಿದ್ದ ವೈದ್ಯರ ಕೈಯಲ್ಲಿ ಬಾಣಂತಿಯರು ಹೆಚ್ಚು ಸಾಯುವುದನ್ನೂ ಸೂಲಗಿತ್ತಿಯರ ವಿಭಾಗದಲ್ಲಿ ಕಡಿಮೆ ಸಾಯುವುದನ್ನೂ ಕಂಡ ಸೆಮ್ಮೆಲ್‌ವೈಸ್ ಎಂಬ ವೈದ್ಯನು 1847ರಲ್ಲಿ ಸುಣ್ಣದ ಕ್ಲೋರಿನ್ ನೀರಿನಲ್ಲಿ ಕೈ ತೊಳೆಯುವ ನಿಯಮ ಮಾಡಿದನು. ಮರಣಗಳು ಇಳಿದವು. ಬಾಣಂತಿಯನ್ನು ಮುಟ್ಟುವ ಮೊದಲು ಸಾಬೂನಿನಿಂದ ಕೈ ತೊಳೆಯುವುದು, ಒಗೆದು ಬಿಸಿಲಿನಲ್ಲಿ ಒಣಗಿಸಿದ ಬಟ್ಟೆಯನ್ನೇ ಕೊಡುವುದು ಇಂದಿಗೂ ಅಷ್ಟೇ ಮುಖ್ಯ. ಬಾಣಂತಿಗೆ ನೀರು ಕೊಡಬಾರದೆಂಬ ರೂಢಿಯನ್ನು ಬಿಡಬೇಕು. ಕಿಟಕಿ ಮುಚ್ಚಿದ ಕೋಣೆಯಲ್ಲಿ ಹೊರಸಿನ ಕೆಳಗೆ ಕೆಂಡವಿಟ್ಟು ಹೊಗೆ ಹಾಕುವುದನ್ನೂ ಬಿಡಬೇಕು. ಬೆಚ್ಚಗಿರಲು ಕಂಬಳಿ ಸಾಕು. ಬೇಡವಾದ ಗರ್ಭವನ್ನು ಕಡ್ಡಿ, ಬೇರು, ಅಂಗಡಿಯ ಮಾತ್ರೆಗಳಿಂದ ತೆಗೆಸಿಕೊಳ್ಳಲು ಹೋಗಿ ನಂಜೇರಿಸಿಕೊಳ್ಳುವುದು ಎಲ್ಲಕ್ಕಿಂತ ದುಃಖಕರ. 1971ರ ಕಾನೂನು ಹಾಗೂ ಅದರ 2021ರ ತಿದ್ದುಪಡಿಯ ಮೇರೆಗೆ ಮಾನ್ಯತೆ ಪಡೆದ ಆಸ್ಪತ್ರೆಗಳಲ್ಲಿ ಇದಕ್ಕೆ ಸುರಕ್ಷಿತ ವ್ಯವಸ್ಥೆಯಿದೆ.

ಇನ್ನು ಪತಿಯರಿಗೆ ಒಂದು ಮಾತು. ನಮ್ಮಲ್ಲಿ ಚೊಚ್ಚಲು ತವರಿನಲ್ಲಿ. ಗಂಡ ಬೇರೆ ಊರಿನಲ್ಲಿ. ಹೆಂಡತಿಯನ್ನು ತವರಿಗೆ ಕಳುಹಿಸುವ ದಿನವೇ ಅತ್ತೆ ಮಾವಂದಿರಿಗೆ ಸ್ಪಷ್ಟವಾಗಿ ಹೇಳಿ ಬನ್ನಿರಿ: ತೊಂದರೆ ಕಂಡರೆ ನನ್ನನ್ನು ಕಾಯಬೇಡಿ, ಮೊದಲು ಆಸ್ಪತ್ರೆಗೆ ಸೇರಿಸಿ, ಆಮೇಲೆ ತಿಳಿಸಿ. ಖರ್ಚಿನ ಅಂಜಿಕೆಯೂ ಬೇಡ. 2011ರಿಂದ ಜಾರಿಯಲ್ಲಿರುವ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಂತೆ ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಗೂ 42 ದಿನಗಳವರೆಗಿನ ಬಾಣಂತಿಗೂ ಔಷಧ, ರಕ್ತ, ವಾಹನಗಳು ಉಚಿತ. ಆಶಾ ಕಾರ್ಯಕರ್ತೆಯು 3, 7, 14, 21, 28 ಹಾಗೂ 42ನೆಯ ದಿನಗಳಲ್ಲಿ ಮನೆಗೆ ಬಂದಾಗ ಮಗುವನ್ನಷ್ಟೇ ತೋರಿಸಿ ಕಳುಹಿಸದೆ ತಾಯಿಯ ಉಸಿರನ್ನೂ ಎಣಿಸಲು ಕೇಳಿರಿ.

ಮೇಲೆ ಹೇಳಿದ ದಂಪತಿಗಳು ಎರಡು ತಿಂಗಳ ತರುವಾಯ ಮಗುವಿನೊಡನೆ ನನ್ನಲ್ಲಿಗೆ ಬಂದಿದ್ದರು. ಮುಂದಿನ ಗರ್ಭಕ್ಕೆ ಕನಿಷ್ಠ ಎರಡು ವರ್ಷ ಬಿಡಬೇಕೆಂದೂ, ಗರ್ಭಕೋಶದ ನಂಜು ಪೂರ್ಣವಾಗಿ ಗುಣವಾಗುವವರೆಗೆ ವಂಕಿಯನ್ನು ಹಾಕಲಾಗದೆಂದೂ, ಮೊಲೆಯೂಡಿಸುವ ತಾಯಿಗೆ ಛಾಯಾ ಮಾತ್ರೆ ಹೊಂದುವುದೆಂದೂ ತಿಳಿಸಿದೆನು. ಮಾತು ಮುಗಿದ ಮೇಲೆ ಆ ತರುಣನು, ಉಸಿರನ್ನು ಎಣಿಸುವುದು ಹೇಗೆಂದು ತನಗೂ ತೋರಿಸಬೇಕೆಂದು ಕೇಳಿದನು. ತೋರಿಸಿದೆನು. ಅಂದು ಅವಳ ಎಣಿಕೆ 16 ಇತ್ತು.