ಗಣಕಯಂತ್ರದೊಳಗಿನ ಆಟದ ಇಟ್ಟಿಗೆ

ಮಕ್ಕಳು ಆಟದ ಇಟ್ಟಿಗೆಗಳನ್ನು ಒಂದರ ಮೇಲೊಂದು ಒತ್ತಿ ಮನೆ, ಸೇತುವೆ, ಬಂಡಿಗಳನ್ನು ಕಟ್ಟುವುದನ್ನು ವಾಚಕರೆಲ್ಲರೂ ಕಂಡಿರಬಹುದು. ಒತ್ತಿದರೆ ಕೂಡಿಕೊಳ್ಳುವ, ಎಳೆದರೆ ಬಿಟ್ಟುಬರುವ ಈ ಸಣ್ಣ ವಸ್ತುವನ್ನು ನಾವು ಆಟಿಕೆಯೆಂದು ಬದಿಗಿಡುತ್ತೇವೆ. ಆದರೆ ಅದನ್ನು ಗಣಕಯಂತ್ರದೊಳಗೆ ಮತ್ತೆ ಕಟ್ಟಲು ಹೊರಟವನಿಗೆ ಅಳತೆ, ರೇಖಾಗಣಿತ, ಮಾತೃಕೆ, ಘರ್ಷಣೆ ಇವೆಲ್ಲವೂ ದಾರಿಯಲ್ಲಿ ಎದುರಾಗುತ್ತವೆ. ಹೀಗೆ ಕಟ್ಟುವುದನ್ನೇ ಹವ್ಯಾಸವಾಗಿ ಇಟ್ಟುಕೊಂಡವರು ಜಗತ್ತಿನ ಅನೇಕ ದೇಶಗಳಲ್ಲಿದ್ದಾರೆ. ಅವರ ಕೆಲಸದ ರೀತಿಯನ್ನು ಪರಿಚಯ ಮಾಡಿಕೊಡುವುದೇ ಈ ಲೇಖನದ ಉದ್ದೇಶ.

ಇಟ್ಟಿಗೆಯ ಹುಟ್ಟು

ಡೆನ್ಮಾರ್ಕ್ ದೇಶದ ಬಿಲ್ಲುಂಡ್ ಎಂಬ ಊರಿನಲ್ಲಿ ಓಲೆ ಕಿರ್ಕ್ ಕ್ರಿಸ್ಟಿಯಾನ್‌ಸೆನ್ ಎಂಬ ಬಡಗಿಯು 1932ರಲ್ಲಿ ಮರದ ಆಟಿಕೆಗಳನ್ನು ಮಾಡತೊಡಗಿದನು. ಲೆಗೊ ಎಂಬ ಸಂಸ್ಥೆಯ ಮೂಲ ಇದೇ. ಮುಂದೆ ಆತನ ಮಗ ಗಾಟ್‌ಫ್ರೆಡ್‌ನ ಕಾಲದಲ್ಲಿ, 1958ರ ಜನವರಿ 28ರಂದು, ಇಂದು ನಾವು ಕಾಣುವ ಇಟ್ಟಿಗೆಗೆ ಪೇಟೆಂಟಿನ ಅರ್ಜಿ ಸಲ್ಲಿಸಲಾಯಿತು. ಇಟ್ಟಿಗೆಯ ಮೇಲ್ಭಾಗದಲ್ಲಿ ಗುಬುಟುಗಳು, ಟೊಳ್ಳಾದ ಕೆಳಭಾಗದಲ್ಲಿ ನಳಿಗೆಗಳು. ಮೇಲಿನ ಇಟ್ಟಿಗೆಯ ನಳಿಗೆ ಮತ್ತು ಗೋಡೆಗಳ ನಡುವೆ ಕೆಳಗಿನ ಇಟ್ಟಿಗೆಯ ಗುಬುಟುಗಳು ಬಿಗಿಯಾಗಿ ಸಿಕ್ಕಿಕೊಳ್ಳುತ್ತವೆ. ಆ ಅಳತೆಗಳು ಅಂದಿನಿಂದ ಬದಲಾಗಿಲ್ಲವಾದ ಕಾರಣ, 1958ರ ಇಟ್ಟಿಗೆ ಇಂದಿನ ಇಟ್ಟಿಗೆಯೊಡನೆಯೂ ಕೂಡಿಕೊಳ್ಳುವುದು.

ಎಷ್ಟು ಬಗೆ?

ಎರಡು ಸಾಲುಗಳಲ್ಲಿ ನಾಲ್ಕು ನಾಲ್ಕರಂತೆ ಎಂಟು ಗುಬುಟುಗಳುಳ್ಳ, ಒಂದೇ ಬಣ್ಣದ ಎರಡು ಇಟ್ಟಿಗೆಗಳನ್ನು ತೆಗೆದುಕೊಳ್ಳೋಣ. ಇವನ್ನು ಎಷ್ಟು ಬಗೆಗಳಲ್ಲಿ ಕೂಡಿಸಬಹುದು? ಎರಡೂ ಒಂದೇ ದಿಕ್ಕಿಗೆ ಚಾಚಿಕೊಂಡಿದ್ದರೆ, ಮೇಲಿನದನ್ನು ಉದ್ದಕ್ಕೆ 7 ಸ್ಥಾನಗಳಲ್ಲಿಯೂ ಅಡ್ಡಕ್ಕೆ 3 ಸ್ಥಾನಗಳಲ್ಲಿಯೂ ಇಡಬಹುದು, ಒಟ್ಟು 21. ಆದರೆ ಇಡೀ ಜೋಡಿಯನ್ನು ಅರ್ಧ ಸುತ್ತು ತಿರುಗಿಸಿದಾಗ, ನಟ್ಟನಡುವಿನ ಸ್ಥಾನವೊಂದನ್ನು ಬಿಟ್ಟು, ಉಳಿದ 20 ಸ್ಥಾನಗಳು ಎರಡೆರಡಾಗಿ ಒಂದೇ ಆಗುತ್ತವೆ. ಆದುದರಿಂದ ನಿಜವಾದ ಬಗೆಗಳು 11. ಇಟ್ಟಿಗೆಗಳು ಒಂದಕ್ಕೊಂದು ಲಂಬವಾಗಿದ್ದರೆ ಸ್ಥಾನಗಳು 5×5, ಅಂದರೆ 25. ಅದೇ ನ್ಯಾಯದಿಂದ ಬಗೆಗಳು 13. ಕೂಡಿದರೆ 24.

ಮೂರು ಇಟ್ಟಿಗೆಗಳಿಗೆ ಈ ಸಂಖ್ಯೆ 1,060ಕ್ಕೆ ಏರುವುದು. ಆರು ಇಟ್ಟಿಗೆಗಳಿಗೆ ಎಷ್ಟು? ಬಹುಕಾಲ 10,29,81,500 ಎಂಬ ಸಂಖ್ಯೆ ಪ್ರಚಾರದಲ್ಲಿತ್ತು. ಅದು ಒಂದರ ಮೇಲೊಂದರಂತೆ ಆರು ಅಂತಸ್ತಾಗಿ ನಿಲ್ಲುವ ಗೋಪುರಗಳನ್ನು ಮಾತ್ರ ಎಣಿಸಿದ ಲೆಕ್ಕ. ಕೋಪನ್‌ಹೇಗನ್ ವಿಶ್ವವಿದ್ಯಾನಿಲಯದ ಗಣಿತಜ್ಞ ಸೋರೆನ್ ಐಲರ್ಸ್ ಮೊದಲಾದವರು ಗಣಕಯಂತ್ರದ ನೆರವಿನಿಂದ ಎಲ್ಲ ಬಗೆಗಳನ್ನೂ ಎಣಿಸಿ 91,51,03,765 ಎಂದು ತೋರಿಸಿದರು.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಆರೇ ಇಟ್ಟಿಗೆಗಳಿಗೆ ತೊಂಬತ್ತೊಂದು ಕೋಟಿಗೆ ಮಿಗಿಲಾದ ಬಗೆಗಳಿರುವಾಗ, ನೂರು ಇಟ್ಟಿಗೆಗಳಿಂದ ತಾನು ಕಟ್ಟಿದ್ದು ಯಾವುದೆಂದು ಒಬ್ಬನು ದೂರದಲ್ಲಿರುವ ಇನ್ನೊಬ್ಬನಿಗೆ ತಿಳಿಸುವುದು ಹೇಗೆ? ಸಂಗೀತಗಾರನಿಗೆ ಸ್ವರಲಿಪಿ ಬೇಕಾದಂತೆ, ಇಲ್ಲಿಯೂ ಒಂದು ಲಿಪಿ ಬೇಕು.

ಒಂದು ಸಾಲಿನ ಲಿಪಿ

ಆ ಲಿಪಿಯನ್ನು ಕೊಟ್ಟವನು ಆಸ್ಟ್ರೇಲಿಯದ ಜೇಮ್ಸ್ ಜೆಸ್ಸಿಮನ್. 1995ರಲ್ಲಿ ಆತನು ಎಲ್‌ಡ್ರಾ ಎಂಬ ತಂತ್ರಾಂಶವನ್ನು ರಚಿಸಿ, ಬೆರಳೆಣಿಕೆಯಷ್ಟು ಭಾಗಗಳೊಡನೆ ಎಲ್ಲರಿಗೂ ಉಚಿತವಾಗಿ ಕೊಟ್ಟನು. ಅದರ ಕಡತಗಳಲ್ಲಿ ಗುಟ್ಟೇನೂ ಇಲ್ಲ. ಯಾವ ಸಾಧಾರಣ ಬರಹದ ತಂತ್ರಾಂಶದಿಂದಲಾದರೂ ತೆರೆದು ಓದಬಹುದಾದ ಅಂಕಿಗಳ ಸಾಲುಗಳು, ಅಷ್ಟೆ.

ಮೊದಲು ಮಾನವನ್ನು ಗೊತ್ತುಮಾಡಿಕೊಳ್ಳೋಣ. ಎಲ್‌ಡ್ರಾ ಮಾನವೊಂದು ಸುಮಾರು 0.4 ಮಿಲಿಮೀಟರಿಗೆ ಸಮ. ಒಂದು ಗುಬುಟಿನ ನಡುವಿನಿಂದ ಪಕ್ಕದ ಗುಬುಟಿನ ನಡುವಿಗೆ 20 ಮಾನ, ಅಂದರೆ 8 ಮಿ.ಮೀ. ಇಟ್ಟಿಗೆಯ ಎತ್ತರ 24 ಮಾನ, ಅಂದರೆ 9.6 ಮಿ.ಮೀ. ತೆಳು ಹಲಗೆಯ ಎತ್ತರ 8 ಮಾನ. ಮೂರು ಹಲಗೆಗಳು ಸೇರಿದರೆ ಒಂದು ಇಟ್ಟಿಗೆ. ಗುಬುಟಿನ ವ್ಯಾಸ 12 ಮಾನ, ಎತ್ತರ 4 ಮಾನ. ಮಾನವನ್ನು ಜಾಣ್ಮೆಯಿಂದ ಆರಿಸಿದ್ದರಿಂದ ಮುಖ್ಯ ಅಳತೆಗಳೆಲ್ಲವೂ ಪೂರ್ಣಾಂಕಗಳಾಗಿವೆ.

ಈಗ ಈ ಎರಡು ಸಾಲುಗಳನ್ನು ನೋಡಿರಿ:

1 4 0 0 0 1 0 0 0 1 0 0 0 1 3001
1 1 0 −24 0 0 0 1 0 1 0 −1 0 0 3001

ಸಾಲಿನ ಮೊದಲ ಅಂಕಿಯಾದ 1, “ಇಲ್ಲಿ ಒಂದು ಭಾಗವನ್ನು ಇಡು” ಎಂಬ ಆಜ್ಞೆ. ಎರಡನೆಯದು ಬಣ್ಣ: 4 ಎಂದರೆ ಕೆಂಪು, 1 ಎಂದರೆ ನೀಲಿ. ಮುಂದಿನ ಮೂರು ಅಂಕಿಗಳು ಸ್ಥಾನದ ನಿರ್ದೇಶಾಂಕಗಳು. ಅವುಗಳ ಮುಂದಿನ ಒಂಬತ್ತು ಅಂಕಿಗಳು ಭಾಗವು ಹೇಗೆ ತಿರುಗಿದೆ ಎಂಬುದನ್ನು ಹೇಳುವ ಮಾತೃಕೆ. ಕೊನೆಯ 3001 ಎಂಬುದು ನಮ್ಮ ಎಂಟು ಗುಬುಟಿನ ಇಟ್ಟಿಗೆಯ ಹೆಸರು. ನಿಜವಾದ ಕಡತದಲ್ಲಿ ಇದರ ಹಿಂದೆ ಒಂದು ಚುಕ್ಕೆಯೂ ಡಿ, ಎ, ಟಿ ಎಂಬ ಮೂರು ಅಕ್ಷರಗಳೂ ಬರುತ್ತವೆ.

ಮೊದಲ ಸಾಲಿನ ಮಾತೃಕೆ ತಿರುಗದೆ ಇರುವ ಸ್ಥಿತಿಯನ್ನು ಸೂಚಿಸುವುದು. ಕಾಲೇಜಿನ ಗಣಿತದಲ್ಲಿ ಏಕಮಾತೃಕೆ ಎಂದು ಕಲಿಯುವುದು ಇದನ್ನೇ. ಎರಡನೆಯ ಸಾಲಿನ ಮಾತೃಕೆ ಇಟ್ಟಿಗೆಯನ್ನು ನೆಟ್ಟಗಿನ ಅಕ್ಷದ ಸುತ್ತ ಕಾಲು ಸುತ್ತು ತಿರುಗಿಸುವುದು. ಹೀಗೆ ಕೆಂಪು ಇಟ್ಟಿಗೆಯ ಮೇಲೆ ನೀಲಿ ಇಟ್ಟಿಗೆ ಅಡ್ಡಲಾಗಿ, ಕೂಡಿಸುವ ಚಿಹ್ನೆಯಂತೆ, ಕುಳಿತುಕೊಳ್ಳುವುದು. ನಡುವಿನ ನಾಲ್ಕು ಗುಬುಟುಗಳು ಎರಡನ್ನೂ ಬಂಧಿಸುವುವು. ಪರೀಕ್ಷೆಗಾಗಿ ಬಾಯಿಪಾಠ ಮಾಡಿ ಮರೆಯುವ ಮಾತೃಕೆ ಇಲ್ಲಿ ಕಣ್ಣೆದುರಿಗೆ ತಿರುಗುತ್ತದೆ.

ನೀಲಿ ಇಟ್ಟಿಗೆ ಮೇಲಿದ್ದರೂ ಅದರ ನಿರ್ದೇಶಾಂಕ −24 ಆದುದೇಕೆ? ಎಲ್‌ಡ್ರಾದಲ್ಲಿ ನೆಟ್ಟಗಿನ ಅಕ್ಷದ ಧನ ದಿಕ್ಕು ಕೆಳಮುಖವಾಗಿದೆ. ಮೇಲೆ ಹೋದಂತೆ ಋಣ ಸಂಖ್ಯೆ. ನಾವು ಮೊದಲ ಸಲ ಒಂದು ಗೋಪುರವನ್ನು ಬರೆದಾಗ ಇದನ್ನು ಮರೆತು, ನೆಲದ ಕೆಳಗೆ ಬಾವಿಯಂತೆ ಇಳಿದ ಗೋಪುರವನ್ನು ಕಂಡು ವಿದ್ಯಾರ್ಥಿಗಳ ನಗೆಗೆ ಈಡಾದೆವು.

ಇಟ್ಟಿಗೆಯ ಒಳಹೊಕ್ಕು

3001 ಎಂಬ ಭಾಗದ ಕಡತವನ್ನೇ ತೆರೆದರೆ ಅಲ್ಲಿಯೂ ಇಂಥವೇ ಸಾಲುಗಳು. 2ರಿಂದ ತೊಡಗುವ ಸಾಲು ಒಂದು ರೇಖೆ. 3ರಿಂದ ತೊಡಗುವುದು ತ್ರಿಭುಜ. 4ರಿಂದ ತೊಡಗುವುದು ಚತುರ್ಭುಜ. ಚಪ್ಪಟೆ ಗೋಡೆಗಳಿಗೆ ಇವು ಸಾಕು. ಆದರೆ ದುಂಡನೆಯ ಗುಬುಟಿಗೇನು ಗತಿ? ವೃತ್ತದ ಬದಲು ಅದರೊಳಗೆ ಬರೆದ 16 ಭುಜಗಳ ಬಹುಭುಜವನ್ನು ಬಳಸುತ್ತಾರೆ. ಇದರಿಂದಾಗುವ ತಪ್ಪು ಎಷ್ಟೆಂದು ಲೆಕ್ಕ ಹಾಕೋಣ. ಗುಬುಟಿನ ತ್ರಿಜ್ಯ 6 ಮಾನ. ಬಹುಭುಜದ ಒಂದು ಭುಜದ ನಡುಬಿಂದು ವೃತ್ತಕ್ಕಿಂತ 6×(1 − ಕೊಸೈನ್ 11.25°), ಅಂದರೆ 0.115 ಮಾನ ಒಳಗಿರುವುದು. ಇದು ಸುಮಾರು 0.046 ಮಿ.ಮೀ. ಕಣ್ಣಿಗೆ ಇದು ಲೆಕ್ಕಕ್ಕಿಲ್ಲ. ಹೆಚ್ಚು ನಯ ಬೇಕಾದಲ್ಲಿ 48 ಭುಜಗಳನ್ನು ಬಳಸುತ್ತಾರೆ. ಆಗ ತಪ್ಪು 0.005 ಮಿ.ಮೀ.ಗೆ ಇಳಿಯುವುದು. ಭುಜಗಳು ಮೂರು ಪಟ್ಟಾದರೆ ತಪ್ಪು ಒಂಬತ್ತರಲ್ಲಿ ಒಂದು ಪಾಲಾಗುವುದೆಂಬುದನ್ನು ಗಮನಿಸಿರಿ.

ಗುಬುಟನ್ನು ಎಂಟು ಸಲ ಬರೆಯಬೇಕಾಗಿಲ್ಲ. ಅದಕ್ಕೆ ಬೇರೆಯೇ ಒಂದು ಕಡತವುಂಟು. ಇಟ್ಟಿಗೆಯ ಕಡತವು ಅದನ್ನು ಎಂಟು ಸ್ಥಾನಗಳಿಗೆ ಕರೆಯುತ್ತದೆ. ಇಟ್ಟಿಗೆಯನ್ನು ಗೋಡೆ, ಗೋಡೆಯನ್ನು ಮನೆ, ಮನೆಯನ್ನು ಊರು ಕರೆಯಬಹುದು.

ಅಳೆದದ್ದು ಏನನ್ನು?

ಹೊಸ ಭಾಗವೊಂದನ್ನು ಗಣಕಕ್ಕೆ ಸೇರಿಸಬೇಕೆಂದರೆ ಅದನ್ನು ಅಳೆಯಲೇಬೇಕು. ನಮ್ಮ ಪ್ರಯೋಗಶಾಲೆಯಲ್ಲಿ ಒಬ್ಬ ವಿದ್ಯಾರ್ಥಿಯು ವರ್ನಿಯರ್ ಕ್ಯಾಲಿಪರ್ಸಿನಿಂದ ಇಟ್ಟಿಗೆಯ ಉದ್ದವನ್ನು ಅಳೆದು 31.8 ಮಿ.ಮೀ. ಎಂದು ಬರೆದನು. ಆ ಅಳತೆಯಂತೆ ಹತ್ತು ಇಟ್ಟಿಗೆಗಳನ್ನು ಸಾಲಾಗಿಟ್ಟರೆ 318 ಮಿ.ಮೀ. ಆಗಬೇಕು. ಆದರೆ ಅವನ್ನು ಹಲಗೆಯ ಮೇಲೆ ಕೂರಿಸಿ ಅಳೆದಾಗ ಬಂದದ್ದು 319.8. ಹುಡುಗನು ತನ್ನ ಉಪಕರಣವನ್ನೇ ಅನುಮಾನಿಸಿ ಮೂರು ಸಲ ಅಳೆದನು. ತಪ್ಪು ಉಪಕರಣದ್ದಲ್ಲ. ಇಟ್ಟಿಗೆಯ ಒಡಲು 31.8 ಮಿ.ಮೀ.; ಆದರೆ ಅದಕ್ಕೆಂದು ಮೀಸಲಾದ ಸ್ಥಳ 32 ಮಿ.ಮೀ. ಪಕ್ಕಪಕ್ಕದ ಇಟ್ಟಿಗೆಗಳು ಒಂದನ್ನೊಂದು ಒತ್ತದಂತೆ ನಡುವೆ 0.2 ಮಿ.ಮೀ. ಸಂದು ಬಿಟ್ಟಿರುತ್ತಾರೆ. ಹತ್ತು ಇಟ್ಟಿಗೆಗಳ ನಡುವೆ ಅಂತಹ ಸಂದುಗಳು ಒಂಬತ್ತು, ಕಾಣದಾಗಿದ್ದ 1.8 ಮಿ.ಮೀ. ಅಲ್ಲಿತ್ತು.

ಎಲ್‌ಡ್ರಾದವರು ಈ ಸಂದನ್ನು ಕೈಬಿಟ್ಟು, ಇಟ್ಟಿಗೆಯನ್ನು ಸರಿಯಾಗಿ 80 ಮಾನ ಉದ್ದವೆಂದೇ ಬರೆಯುತ್ತಾರೆ. ಅಳತೆ ತಿಳಿಯದೆ ಹೀಗೆ ಮಾಡಿದ್ದಲ್ಲ. ಯಾವುದನ್ನು ಉಳಿಸಬೇಕು, ಯಾವುದನ್ನು ಬಿಡಬೇಕೆಂಬ ನಿರ್ಧಾರ. ಭೌತವಿಜ್ಞಾನದಲ್ಲಿ ನಾವು ಗ್ರಹವನ್ನು ಬಿಂದುವೆಂದೂ ಹಗ್ಗವನ್ನು ತೂಕವಿಲ್ಲದ್ದೆಂದೂ ಭಾವಿಸುವುದು ಇದೇ ಬಗೆಯ ನಿರ್ಧಾರವಲ್ಲವೆ?

ಗಣಕದ ಇಟ್ಟಿಗೆಗೆ ಇಲ್ಲದ್ದು

ಬಿಟ್ಟದ್ದು ಏನೆಂಬುದನ್ನು ಮಾತ್ರ ಮರೆಯಬಾರದು. ನಾಲ್ಕು ಗುಬುಟುಗಳ ನಡುವೆ ಒಂದು ನಳಿಗೆ ಕೂರುತ್ತದೆ. ಎದುರುಬದುರಿನ ಗುಬುಟುಗಳ ಕೇಂದ್ರಗಳ ನಡುವಿನ ಕರ್ಣ 20√2, ಅಂದರೆ 28.28 ಮಾನ. ಅದರಲ್ಲಿ ಎರಡು ತ್ರಿಜ್ಯಗಳ 12 ಮಾನವನ್ನು ಕಳೆದರೆ 16.28 ಮಾನ ಉಳಿಯುವುದು, ಇದು 6.51 ಮಿ.ಮೀ. ಗುಬುಟುಗಳನ್ನು ಮುಟ್ಟಬೇಕಾದರೆ ನಳಿಗೆಯ ಹೊರವ್ಯಾಸ ಇಷ್ಟಿರಬೇಕು. ಎಲ್‌ಡ್ರಾದ ನಳಿಗೆಗೆ ಇರುವುದು 16 ಮಾನ ಮಾತ್ರ. ಅದು ಗುಬುಟುಗಳನ್ನು ಮುಟ್ಟುವುದೇ ಇಲ್ಲ! ನಿಜವಾದ ಇಟ್ಟಿಗೆಯಲ್ಲಿ ಪ್ಲಾಸ್ಟಿಕ್ಕು ಕೂದಲೆಳೆಯಷ್ಟು ಬಾಗಿ, ಸ್ಥಿತಿಸ್ಥಾಪಕತ್ವದಿಂದ ಮರಳಿ ಒತ್ತಿ, ಘರ್ಷಣೆಯಿಂದ ಹಿಡಿದುಕೊಳ್ಳುವುದು. ಗಣಕದ ಇಟ್ಟಿಗೆಗೆ ಈ ಹಿಡಿತವಿಲ್ಲ, ತೂಕವಿಲ್ಲ. ಎರಡು ಇಟ್ಟಿಗೆಗಳನ್ನು ಒಂದೇ ಸ್ಥಳದಲ್ಲಿ ಇಡು ಎಂದು ಬರೆದರೆ ಲಿಪಿಯು ಮರುಮಾತಿಲ್ಲದೆ ಒಪ್ಪಿಕೊಳ್ಳುವುದು. ಆಧಾರವಿಲ್ಲದ ಸೇತುವೆಯೂ ಪರದೆಯ ಮೇಲೆ ಸ್ವಸ್ಥವಾಗಿ ನಿಲ್ಲುವುದು. ಆದುದರಿಂದ ಪರದೆಯಲ್ಲಿ ನಿಂತದ್ದು ಮೇಜಿನ ಮೇಲೆಯೂ ನಿಲ್ಲುವುದೆಂದು ನಂಬಿದವನು ಮೋಸಹೋಗುವನು. ಮುಂದೆ ಎಂಜಿನಿಯರರಾಗಲಿರುವ ವಿದ್ಯಾರ್ಥಿಗಳು ಈ ಪಾಠವನ್ನು ಆಟಿಕೆಯಿಂದಲೇ ಕಲಿಯುವುದು ಕ್ಷೇಮ.

ಹಲವರ ಕೈ

ಜೆಸ್ಸಿಮನ್ 1997ರಲ್ಲಿ ಕಿರಿಯ ವಯಸ್ಸಿನಲ್ಲಿಯೇ ತೀರಿಕೊಂಡನು. ಒಬ್ಬನ ಹವ್ಯಾಸ ಅವನೊಡನೆಯೇ ಮುಗಿದಿದ್ದರೆ ಆಶ್ಚರ್ಯವಿರಲಿಲ್ಲ. ಆದರೆ ಆತನ ಲಿಪಿ ತೆರೆದದ್ದಾಗಿತ್ತು. ಯಾರು ಬೇಕಾದರೂ ಓದಿ ಮುಂದುವರಿಸಬಹುದಾಗಿತ್ತು. ಹವ್ಯಾಸಿಗಳು ಹಾಗೆಯೇ ಮಾಡಿದರು. ಇಂದು ಆ ಭಂಡಾರದಲ್ಲಿ ಹತ್ತು ಸಾವಿರಕ್ಕೂ ಮಿಗಿಲಾದ ಭಾಗಗಳಿವೆ. ಲೆಗೊ ಸಂಸ್ಥೆಯು ಅದನ್ನು ನಡೆಸುತ್ತಿಲ್ಲ; ಕೂಲಿಯನ್ನು ಬಯಸದೆ ಬಿಡುವಿನ ವೇಳೆಯಲ್ಲಿ ದುಡಿಯುವವರು ನಡೆಸುತ್ತಿದ್ದಾರೆ.

ಒಬ್ಬನು ಹೊಸ ಭಾಗವನ್ನು ಬರೆದು ಕಳುಹಿಸಿದೊಡನೆ ಅದು ಭಂಡಾರಕ್ಕೆ ಸೇರುವುದಿಲ್ಲ. ಅನುಭವಿಗಳು ಅದನ್ನು ಪರಿಶೀಲಿಸುತ್ತಾರೆ. ಅಳತೆ ಸರಿಯೆ? ಅಂಚುಗಳ ನಡುವೆ ಬಿರುಕಿದೆಯೆ? ತ್ರಿಭುಜದ ಶೃಂಗಗಳನ್ನು ಸರಿಯಾದ ಕ್ರಮದಲ್ಲಿ ಬರೆದಿದೆಯೆ? ತಪ್ಪು ಕಂಡರೆ ಬರೆದವನಿಗೆ ಹಿಂದಿರುಗುವುದು. ಒಬ್ಬರಿಗಿಂತ ಹೆಚ್ಚು ಮಂದಿ ಒಪ್ಪಿದ ಮೇಲೆಯೇ ಅದಕ್ಕೆ ಅಧಿಕೃತ ಸ್ಥಾನ. ವಿಜ್ಞಾನದ ಪ್ರಬಂಧಗಳನ್ನು ಪ್ರಕಟಣೆಗೆ ಮೊದಲು ಪರೀಕ್ಷಿಸುವ ರೀತಿಯೂ ಇದೇ.

ಸಂಸ್ಥೆಯು ತಾನೇ 2004ರಲ್ಲಿ ಹೊರತಂದ ಡಿಜಿಟಲ್ ಡಿಸೈನರ್ ಎಂಬ ತಂತ್ರಾಂಶವನ್ನು 2022ರಲ್ಲಿ ನಿಲ್ಲಿಸಿತು. ಅದರ ಸ್ಥಾನಕ್ಕೆ ಬಂದ ಸ್ಟುಡಿಯೋ ಎಂಬುದು ಎಲ್‌ಡ್ರಾ ಲಿಪಿಯನ್ನು ಓದಬಲ್ಲುದು. ಯಂತ್ರಗಳೂ ತಂತ್ರಾಂಶಗಳೂ ಹಳತಾಗುತ್ತವೆ. ಎಲ್ಲರೂ ಓದಬಲ್ಲ ಲಿಪಿಯಲ್ಲಿ, ಎಲ್ಲರೂ ಒಪ್ಪಿದ ಮಾನದಲ್ಲಿ ಬರೆದಿಟ್ಟದ್ದು ಉಳಿಯುತ್ತದೆ. ಬೆಲೆಯುಳ್ಳ ಇಟ್ಟಿಗೆಗಳನ್ನು ಕೊಳ್ಳಲಾರದ ವಿದ್ಯಾರ್ಥಿಗೂ ಈ ಭಂಡಾರದ ಬಾಗಿಲು ತೆರೆದಿದೆ.

ವಾಚಕರಿಗೆ ಒಂದು ಅಭ್ಯಾಸ. ನಮ್ಮ ಕೆಂಪು ಇಟ್ಟಿಗೆಯ ಮೇಲೆ ನೀಲಿ ಇಟ್ಟಿಗೆಯ ಬದಲು 3020 ಎಂಬ ತೆಳು ಹಲಗೆಯನ್ನೂ, ಅದರ ಮೇಲೆ ಇನ್ನೊಂದು ಇಟ್ಟಿಗೆಯನ್ನೂ ಇಟ್ಟರೆ ಅವುಗಳ ನೆಟ್ಟಗಿನ ನಿರ್ದೇಶಾಂಕಗಳೇನು? ಸ್ಥಾನವನ್ನು ಭಾಗದ ಮೇಲ್ಮೈಯಿಂದ, ಗುಬುಟನ್ನು ಬಿಟ್ಟು, ಎಣಿಸಬೇಕೆಂಬುದು ನೆನಪಿರಲಿ. ಉತ್ತರ: −8 ಮತ್ತು −32.

ಲೆಕ್ಕ ಮುಗಿಸಿದ ಮೇಲೆ 3001ರ ಕಡತವನ್ನು ಒಮ್ಮೆ ತೆರೆದು ನೋಡಿರಿ. ಮೇಲಿನ ಸಾಲುಗಳಲ್ಲಿ ಕರ್ತೃವಿನ ಹೆಸರು ಜೇಮ್ಸ್ ಜೆಸ್ಸಿಮನ್ ಎಂದು ಇಂದಿಗೂ ಇದೆ. ಅದರ ಕೆಳಗೆ, ಆತನು ಹೋದ ಮೇಲೆ ಆ ಇಟ್ಟಿಗೆಯನ್ನು ತಿದ್ದಿದವರು ತಮ್ಮ ತಿದ್ದುಪಡಿಗಳನ್ನು ದಿನಾಂಕದೊಡನೆ ಒಂದೊಂದು ಸಾಲಾಗಿ ಬರೆದಿಟ್ಟಿದ್ದಾರೆ.