ಬಾಡಿಗೆ ಮನೆ, ಬರೆದ ಚೀಟಿ



ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ. ಈ ಐದೂ ಊರುಗಳು ವಿಜಯನಗರ ಜಿಲ್ಲೆಯ ತಾಲ್ಲೂಕು ಕೇಂದ್ರಗಳು. ಈ ಜಿಲ್ಲೆ ಆದದ್ದು 2021ರಲ್ಲಿ. ತಾಲ್ಲೂಕು ಊರಿಗೆ ನೌಕರಿಯವರು ಬರುತ್ತಾರೆ. ಗಾರೆ ಕೆಲಸದವರು ಬರುತ್ತಾರೆ. ಮಕ್ಕಳನ್ನು ಓದಿಸಲು ಹಳ್ಳಿಯವರು ಬರುತ್ತಾರೆ. ಎಲ್ಲರಿಗೂ ಇರಲು ಮನೆ ಬೇಕು.

ನಮ್ಮಲ್ಲಿ ಕೆಲವರಿಗೆ ಒಂದು ಮನೆ ಹೆಚ್ಚಿಗೆ ಇರುತ್ತದೆ. ಅದನ್ನು ಬಾಡಿಗೆಗೆ ಕೊಡುತ್ತೇವೆ. ಆ ದುಡ್ಡು ಎಣ್ಣೆಗೆ, ಬೇಳೆಗೆ, ಗುಳಿಗೆಗೆ ಆಗುತ್ತದೆ. ಇದು ಸಾಹುಕಾರಿಕೆ ಅಲ್ಲ, ಹೊಟ್ಟೆಪಾಡು. ಅದಕ್ಕೇ ಲೆಕ್ಕ ಸರಿ ಇರಬೇಕು.

ಕೊಟ್ಟೂರಿನಲ್ಲಿ ನಮ್ಮ ರಾತ್ರಿ ತರಗತಿಗೆ ಒಬ್ಬ ದೊಡ್ಡವ್ವ ಬರುತ್ತಾಳೆ. ಅವಳ ಮನೆಯಲ್ಲಿ ನಡೆದದ್ದನ್ನು ಓದಿರಿ.

ಹತ್ತು ತಿಂಗಳ ನಂಟು, ಒಂದು ದಿನದ ಜಗಳ

ದೊಡ್ಡವ್ವನ ಯಜಮಾನರು ತೀರಿಹೋಗಿದ್ದಾರೆ. ಮಗ ಬೇರೆ ಊರಲ್ಲಿ ದುಡಿಯುತ್ತಾನೆ. ತನ್ನ ಪಕ್ಕದ ಮಾಳಿಗೆ ಮನೆಯನ್ನು ದೊಡ್ಡವ್ವ ಬಾಡಿಗೆಗೆ ಕೊಟ್ಟಳು. ಬಂದವರು ಕೂಡ್ಲಿಗಿ ಕಡೆಯವರು. ಗಂಡ ಗಾರೆ ಕೆಲಸ ಮಾಡುತ್ತಾನೆ. ಹೆಂಡತಿ ಕೂಲಿಗೆ ಹೋಗುತ್ತಾಳೆ. ಇಬ್ಬರು ಮಕ್ಕಳು. ಬಾಡಿಗೆ ತಿಂಗಳಿಗೆ 1,500 ರೂಪಾಯಿ. ಅಡ್ವಾನ್ಸ್ 10,000 ರೂಪಾಯಿ. ಎಲ್ಲವೂ ಬಾಯಿ ಮಾತು.

ಜೂನ್ ತಿಂಗಳಿಗೆ ಬಂದರು. ಹಬ್ಬಕ್ಕೆ ಹೋಳಿಗೆ ಕೊಟ್ಟು ತಗೊಂಡರು. ಮಕ್ಕಳು ದೊಡ್ಡವ್ವನ ಕಟ್ಟೆ ಮೇಲೇ ಬೆಳೆದವು. ಮಾರ್ಚ್ ಕೊನೆಗೆ ಗಂಡನಿಗೆ ಹೊಸಪೇಟೆಯಲ್ಲಿ ಕೆಲಸ ಸಿಕ್ಕಿತು.

“ದೊಡ್ಡವ್ವ, ನಾವು ಮನಿ ಬಿಡ್ತೀವಿ. ಅಡ್ವಾನ್ಸ್ ಕೊಡ್ರಿ.”

“ಕೊಡ್ತೀನವ್ವ. ಮೂರು ತಿಂಗಳ ಬಾಡಿಗಿ ಬಾಕಿ ಐತಿ. ಅದನ್ನ ಮುರಕೊಂಡು ಕೊಡ್ತೀನಿ.”

“ಮೂರು ತಿಂಗಳಾ? ನಮ್ದು ಒಂದ ತಿಂಗಳು ಬಾಕಿ!”

ಮಾತಿಗೆ ಮಾತು ಬೆಳೆಯಿತು. ಓಣಿಯವರು ಕೂಡಿದರು. ಒಬ್ಬರು, “ಬಾಗಿಲಿಗೆ ಕೀಲಿ ಹಾಕು. ಕರೆಂಟ್ ತಗಿ. ತಾವ ದಾರಿಗೆ ಬರ್ತಾರ” ಅಂದರು. ಇನ್ನೊಬ್ಬರು, “ಬಾಡಿಗಿ ಮಂದೀನ ಬಾಳ ದಿನ ಇಟಗೊಂಡ್ರ ಮನೀನ ಅವರದಾಗತೈತಿ” ಅಂದರು.

ದೊಡ್ಡವ್ವ ಹೆದರಿದಳು. ಕೀಲಿ ಕೈಯಲ್ಲಿ ಹಿಡಿದೇ ತರಗತಿಗೆ ಬಂದಳು.

“ಅಕ್ಕೋರೆ, ಕೀಲಿ ಹಾಕ್ಲಾ?”

“ಬ್ಯಾಡ ದೊಡ್ಡವ್ವ. ಮೊದಲು ಲೆಕ್ಕ ನೋಡೋಣ. ಚೀಟಿ ಏನಾರ ಅದಾವಾ?”

“ಚೀಟಿ ಯಾಕ ಬೇಕಿತ್ತು? ಮನೀ ಮಗಳಂಗ ಇದ್ಲು.”

ಸ್ಲೇಟಿನ ಮೇಲೆ ಹತ್ತು ತಿಂಗಳು

ಆ ತಂಗಿಯನ್ನೂ ಕರೆಸಿದೆವು. ಇಬ್ಬರನ್ನೂ ಎದುರು ಬದರು ಕೂಡಿಸಿದೆವು. ಸ್ಲೇಟಿನ ಮೇಲೆ ಜೂನ್‌ನಿಂದ ಮಾರ್ಚ್‌ವರೆಗೆ ಹತ್ತು ತಿಂಗಳ ಹೆಸರು ಬರೆದೆವು. ಬಾಡಿಗೆ ಕೊಟ್ಟ ತಿಂಗಳಿಗೆ ಗುರುತು ಹಾಕುತ್ತಾ ಬಂದೆವು. ಏಳು ತಿಂಗಳಿಗೆ ಇಬ್ಬರೂ ಒಪ್ಪಿದರು. ಮೂರು ತಿಂಗಳು ಉಳಿದವು. ಆಗಸ್ಟ್, ಫೆಬ್ರವರಿ, ಮಾರ್ಚ್.

ಆಗಸ್ಟ್ ತಿಂಗಳ ಬಗ್ಗೆ ತಂಗಿ ಹೇಳಿದಳು: “ಶ್ರಾವಣದಾಗ ಮಳಿ ಹಿಡೀತು. ಮಾಳಿಗಿ ಸೋರಿತು. ನಮ್ಮ ಮನಿಯವರು ಮಣ್ಣು ತರಿಸಿ ಹಾಕಿಸಿದ್ರು. 1,500 ಖರ್ಚಾತು. ಬಾಡಿಗ್ಯಾಗ ಮುರಕೊಳ್ರಿ ಅಂತ ನೀವ ಅಂದಿದ್ರಿ.”

ದೊಡ್ಡವ್ವ ಸ್ವಲ್ಪ ಹೊತ್ತು ಸುಮ್ಮನಿದ್ದಳು. “ಹೌದವ್ವ. ಅಂದಿದ್ದೆ” ಎಂದಳು.

ಫೆಬ್ರವರಿ ತಿಂಗಳ ಬಗ್ಗೆ ಹೇಳಿದಳು: “ಕೊಟ್ಟೂರೇಶ್ವರನ ತೇರಿಗೆ ನಿಮ್ಮ ಮಗ ಬಂದಿದ್ದ. ನೀವು ಗುಡಿಗೆ ಹೋಗಿದ್ರಿ. ಬಾಡಿಗಿ ಅವನ ಕೈಯಾಗ ಕೊಟ್ಟೆ.”

ಮಗನಿಗೆ ಫೋನ್ ಮಾಡಿದೆವು. “ಹೌದವ್ವ, ಕೊಟ್ಟಿದ್ರು. ಖರ್ಚಿಗೆ ಇಟಗೊಂಡೆ. ನಿನಗ ಹೇಳೋದು ಮರತೆ” ಅಂದ.

ಮಾರ್ಚ್ ತಿಂಗಳ ಬಾಕಿಯನ್ನು ತಂಗಿ ತಾನೇ ಒಪ್ಪಿಕೊಂಡಳು.

ಲೆಕ್ಕ ಹೀಗಾಯಿತು:

ಅಡ್ವಾನ್ಸ್: 10,000 ರೂಪಾಯಿ
ಒಂದು ತಿಂಗಳ ಬಾಕಿ: 1,500 ರೂಪಾಯಿ
ತಿರುಗಿ ಕೊಡಬೇಕಾದದ್ದು: 8,500 ರೂಪಾಯಿ

ದೊಡ್ಡವ್ವನ ಲೆಕ್ಕದಲ್ಲಿ ಅದು 5,500 ಆಗುತ್ತಿತ್ತು. ಕೂಲಿ ಮಾಡುವ ಹೆಣ್ಣುಮಗಳಿಗೆ 3,000 ರೂಪಾಯಿ ಲುಕ್ಸಾನು. ಯಾರೂ ಸುಳ್ಳು ಹೇಳಿರಲಿಲ್ಲ. ಯಾರೂ ಮೋಸ ಮಾಡಿರಲಿಲ್ಲ. ಬರೆದಿರಲಿಲ್ಲ, ಅಷ್ಟೆ.

“ಕೀಲಿ ಹಾಕಿದ್ರ ಏನಾಗ್ತಿತ್ತು ಅಕ್ಕೋರೆ?” ದೊಡ್ಡವ್ವ ಕೇಳಿದಳು. ಆ ದಿನದ ಪಾಠ ಅದೇ ಆಯಿತು.

ಕಾನೂನು ಏನು ಹೇಳುತ್ತದೆ?

1. ಮನೆ ನಮ್ಮದೇ. ಆದರೂ ಬಾಡಿಗೆಗೆ ಇರುವವರನ್ನು ಬಲವಂತದಿಂದ ಹೊರಗೆ ಹಾಕುವಂತಿಲ್ಲ. ಕೀಲಿ ಹಾಕುವುದು, ಸಾಮಾನು ಎಸೆಯುವುದು, ನೀರು, ಕರೆಂಟ್ ನಿಲ್ಲಿಸುವುದು ತಪ್ಪು. ಹಾಗೆ ಹೊರಗೆ ಹಾಕಿದರೆ ಅವರು ಆರು ತಿಂಗಳೊಳಗೆ ಕೋರ್ಟಿಗೆ ಹೋಗಿ ಮನೆಯ ಸ್ವಾಧೀನ ತಿರುಗಿ ಕೇಳಬಹುದು. 1963ರ ಕಾಯ್ದೆ ಅವರಿಗೆ ಈ ಹಕ್ಕು ಕೊಟ್ಟಿದೆ.

2. ಬಹಳ ದಿನ ಬಾಡಿಗೆಗೆ ಇದ್ದ ಮಾತ್ರಕ್ಕೆ ಮನೆ ಬಾಡಿಗೆದಾರರದು ಆಗುವುದಿಲ್ಲ. ಈ ಹೆದರಿಕೆ ಎಲ್ಲಿಂದ ಬಂತು? 1974ರಲ್ಲಿ ನಮ್ಮ ರಾಜ್ಯದಲ್ಲಿ ಭೂಸುಧಾರಣೆ ಕಾಯ್ದೆಯ ತಿದ್ದುಪಡಿ ಜಾರಿಗೆ ಬಂತು. ಗೇಣಿಗೆ ಹೊಲ ಉಳುತ್ತಿದ್ದವರು ಅರ್ಜಿ ಹಾಕಿ ಹೊಲದ ಒಡೆಯರಾದರು. ಆ ನೆನಪು ಊರಲ್ಲಿ ಇನ್ನೂ ಇದೆ. ಆದರೆ ಅದು ಉಳುವ ಹೊಲದ ಕಾನೂನು, ಬಾಡಿಗೆ ಮನೆಯದಲ್ಲ. ಬಾಡಿಗೆ ರಸೀದಿ, ಕರಾರು ಇದ್ದರೆ ಅವರು ಬಾಡಿಗೆದಾರರು ಎಂಬುದಕ್ಕೆ ಅದೇ ಸಾಕ್ಷಿ.

3. ಮನೆ ಬಿಡಿಸಬೇಕಾದರೆ ಬರಹದಲ್ಲಿ ನೋಟಿಸು ಕೊಡಬೇಕು. ತಿಂಗಳ ಬಾಡಿಗೆಗೆ ಬೇರೆ ಕರಾರು ಇಲ್ಲದಿದ್ದರೆ ಕಡಿಮೆ ಎಂದರೂ 15 ದಿನದ ನೋಟಿಸು ಬೇಕು. ಇದು 1882ರ ಸ್ವತ್ತು ವರ್ಗಾವಣೆ ಕಾಯ್ದೆಯ ಮಾತು. ಆಮೇಲೂ ಬಿಡದಿದ್ದರೆ ಕೋರ್ಟೇ ದಾರಿ.

4. ಹೆಣ್ಣುಮಕ್ಕಳಿಗೆ ವಕೀಲರ ನೆರವು ಪುಕ್ಕಟೆ ಸಿಗುತ್ತದೆ. ವರಮಾನ ಎಷ್ಟೇ ಇರಲಿ, ಈ ಹಕ್ಕು ಇದೆ. 1987ರ ಕಾನೂನು ಸೇವೆಗಳ ಕಾಯ್ದೆ ಇದನ್ನು ಕೊಟ್ಟಿದೆ. ತಾಲ್ಲೂಕು ಕಾನೂನು ಸೇವಾ ಸಮಿತಿಯನ್ನು ಕೇಳಿರಿ. ಫೋನ್ ನಂಬರು 15100. ಮನೆ ಕೊಟ್ಟವಳಿಗೂ ಈ ನೆರವು ಉಂಟು, ಬಾಡಿಗೆಗೆ ಇದ್ದವಳಿಗೂ ಉಂಟು.

ಮನೆ ಕೊಡುವ ಮೊದಲು ಏನು ಬರೆಯಬೇಕು?

ಹೆಸರು: ಮನೆ ಕೊಡುವವರು, ಬರುವವರು, ಇಬ್ಬರ ಹೆಸರು, ಊರು. ಬರುವವರ ಗುರುತಿನ ಚೀಟಿಯ ನಕಲು ಇಟ್ಟುಕೊಳ್ಳಿ.

ದುಡ್ಡು: ಬಾಡಿಗೆ ಎಷ್ಟು? ಯಾವ ತಾರೀಖಿನೊಳಗೆ ಕೊಡಬೇಕು? ಅಡ್ವಾನ್ಸ್ ಎಷ್ಟು? ಅಂಕಿಯಲ್ಲಿ ಬರೆಯಿರಿ, ಅಕ್ಷರದಲ್ಲೂ ಬರೆಯಿರಿ. 1,500ಕ್ಕೆ ಒಂದು ಸೊನ್ನೆ ಸೇರಿಸುವುದು ಸುಲಭ. “ಒಂದು ಸಾವಿರದ ಐದು ನೂರು” ಎಂದು ಬರೆದರೆ ತಿದ್ದುವುದು ಕಷ್ಟ.

ದುರಸ್ತಿ: ಮಾಳಿಗೆ ಸೋರಿದರೆ ಖರ್ಚು ಯಾರದು? ಬಾಡಿಗೆಯಲ್ಲಿ ಮುರಿದುಕೊಂಡರೆ ಅದೇ ದಿನ ಪುಸ್ತಕದಲ್ಲಿ ಬರೆಯಿರಿ.

ಕರೆಂಟ್: ಬಾಡಿಗೆಗೆ ಬರುವ ದಿನ, ಬಿಡುವ ದಿನ ಮೀಟರಿನ ಅಂಕಿ ಬರೆದುಕೊಳ್ಳಿ. 2023ರಲ್ಲಿ ಗೃಹಜ್ಯೋತಿ ಯೋಜನೆ ಬಂತು. ಬಾಡಿಗೆದಾರರನ್ನೂ ಅದಕ್ಕೆ ಸೇರಿಸಿದರು. ಸೊನ್ನೆ ಬಿಲ್ಲು ಬಂದ ತಿಂಗಳು ಅವರ ಹತ್ತಿರ ಕರೆಂಟ್ ದುಡ್ಡು ಕೇಳುವುದು ನ್ಯಾಯವಲ್ಲ.

ಅವಧಿ: ಒಂದು ವರ್ಷಕ್ಕಿಂತ ಹೆಚ್ಚಿನ ಕರಾರನ್ನು ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ನೋಂದಣಿ ಮಾಡಿಸಬೇಕು. ಅದಕ್ಕೇ ಬಹಳ ಮಂದಿ 11 ತಿಂಗಳಿಗೆ ಬರೆಸುತ್ತಾರೆ. ಬಿಡುವಾಗ ಎಷ್ಟು ದಿನ ಮೊದಲು ಹೇಳಬೇಕು ಎಂಬುದನ್ನೂ ಬರೆಸಿರಿ.

ಕರಾರನ್ನು ಇ-ಸ್ಟಾಂಪ್ ಕಾಗದದ ಮೇಲೆ ಬರೆಸಿರಿ. ಬರೆದದ್ದನ್ನು ಪೂರ್ತಿ ಓದಿಯೇ ಸಹಿ ಮಾಡಿರಿ. ಇಬ್ಬರು ಸಾಕ್ಷಿಗಳ ಸಹಿ ಹಾಕಿಸಿರಿ. ಒಂದು ಪ್ರತಿ ನಿಮಗೆ, ಒಂದು ಪ್ರತಿ ಅವರಿಗೆ. ಬಾಡಿಗೆಗೆ ಬರುವವರಿಗೆ ಓದು ಬಾರದಿದ್ದರೆ ನೀವೇ ಓದಿ ಹೇಳಿರಿ.

ರಸೀದಿ ಬರೆಯುವುದು ಹೀಗೆ

ತಾರೀಖು: ..............
ಶ್ರೀ / ಶ್ರೀಮತಿ .............. ಇವರಿಂದ
.............. ತಿಂಗಳ ಮನೆ ಬಾಡಿಗೆ ರೂ. 1,500
(ಒಂದು ಸಾವಿರದ ಐದು ನೂರು ರೂಪಾಯಿ ಮಾತ್ರ) ಮುಟ್ಟಿದೆ.
ಬಾಕಿ: ಇಲ್ಲ
ಸಹಿ: ..............

ದುಡ್ಡು ಯಾರ ಕೈಗೆ ಬಂದರೂ ರಸೀದಿ ಬರೆಯಬೇಕು. ಮಗನ ಕೈಗೆ ಬಂದರೂ ಬರೆಯಬೇಕು. ಫೋನಿನಲ್ಲಿ ಬಂದರೆ ಯಾವ ತಿಂಗಳದು ಎಂದು ಪುಸ್ತಕದಲ್ಲಿ ಬರೆಯಬೇಕು. ಒಂದೇ ಸಲಕ್ಕೆ 5,000 ರೂಪಾಯಿಗಿಂತ ಹೆಚ್ಚು ದುಡ್ಡು ಪಡೆದರೆ ಒಂದು ರೂಪಾಯಿಯ ರೆವಿನ್ಯೂ ಸ್ಟಾಂಪ್ ಅಂಟಿಸಿ ಅದರ ಮೇಲೆ ಸಹಿ ಹಾಕಬೇಕು. ಅಡ್ವಾನ್ಸ್ ತಿರುಗಿ ಕೊಡುವಾಗಲೂ ಅವರಿಂದ ಹೀಗೆ ಬರೆಸಿಕೊಳ್ಳಿ.

ದೊಡ್ಡವ್ವ ಈಗ ಏನು ಮಾಡುತ್ತಾಳೆ?

ಆ ತಂಗಿಗೆ 8,500 ರೂಪಾಯಿ ಕೊಟ್ಟಳು. ಮಕ್ಕಳ ಕೈಗೆ ಬೆಲ್ಲ, ಕೊಬ್ಬರಿ ಕೊಟ್ಟು ಕಳಿಸಿದಳು. ಜೂನ್ ತಿಂಗಳಲ್ಲಿ ಮನೆಗೆ ಬೇರೆಯವರು ಬಂದರು. ಮೊದಲ ರಸೀದಿಯನ್ನು ದೊಡ್ಡವ್ವ ತಾನೇ ಬರೆದಳು. ಅರ್ಧ ತಾಸು ಹಿಡಿಯಿತು. ಅಕ್ಷರ ಸೊಟ್ಟ ಇದ್ದವು. ಲೆಕ್ಕ ನೆಟ್ಟಗಿತ್ತು.

“ಮನೀ ಮಗಳಂಗ ಇದ್ರೂ ಚೀಟಿ ಬೇಕವ್ವ” ಅನ್ನುತ್ತಾಳೆ ಈಗ. “ಚೀಟಿ ಇದ್ರನ ಕಡೀತನಕ ಮಗಳಂಗ ಇರತಾಳ.”

ಪದಗಳ ಅರ್ಥ

ಕರಾರು: ಇಬ್ಬರೂ ಒಪ್ಪಿ ಬರೆದ ಮಾತು
ಅಡ್ವಾನ್ಸ್: ಮುಂಗಡ
ಲುಕ್ಸಾನು: ನಷ್ಟ
ನೋಟಿಸು: ಮುಂಚೆಯೇ ತಿಳಿಸುವ ಪತ್ರ

ಮಾತಾಡೋಣ

1. ದೊಡ್ಡವ್ವ ಅಂದೇ ಕೀಲಿ ಹಾಕಿದ್ದರೆ ಏನಾಗುತ್ತಿತ್ತು?
2. ನಿಮ್ಮ ಓಣಿಯಲ್ಲಿ ಬಾಡಿಗೆ ಜಗಳ ಆಗಿದೆಯೇ? ಅಲ್ಲಿ ಏನು ಬರೆದಿದ್ದರೆ ಜಗಳ ತಪ್ಪುತ್ತಿತ್ತು?

ಲೆಕ್ಕ ಮಾಡೋಣ

ಬಾಡಿಗೆ 1,200 ರೂಪಾಯಿ. ಅಡ್ವಾನ್ಸ್ 8,000 ರೂಪಾಯಿ. ಎರಡು ತಿಂಗಳ ಬಾಡಿಗೆ ಬಾಕಿ ಇದೆ. ಮನೆ ಬಿಡುವಾಗ ಎಷ್ಟು ತಿರುಗಿ ಕೊಡಬೇಕು?

ಬರೆಯೋಣ

ಈ ತಿಂಗಳ ಬಾಡಿಗೆ ಮುಟ್ಟಿತು ಎಂದು ನಿಮ್ಮ ಕೈಯಾರೆ ಒಂದು ರಸೀದಿ ಬರೆಯಿರಿ. ಕೆಳಗೆ ನಿಮ್ಮ ಸಹಿ ಹಾಕಿರಿ.